ಒಂದು ಹನಿ ಪೆಟ್ರೋಲಿನ ಪೂರ್ವಾಪರ

ನಮ್ಮ ಕಡೆ, ಅಂದರೆ ಕೃಷ್ಣೆ ಘಟಪ್ರಭೆಗಳ ನಡುವಿನ ಕಬ್ಬಿನ ಸೀಮೆಯಲ್ಲಿ, ಕರೆಂಟು ಬರುವ ಮೊದಲು ಬಾವಿಯ ಮೇಲೆ ಡೀಸೆಲ್ ಇಂಜಿನ್ ಕೂಡಿಸಿದವರ ಮನೆಯ ಹುಡುಗರಿಗೆ ದೂರದ ಎರಡು ಊರುಗಳ ಹೆಸರು ಶಾಲೆಗೆ ಹೋಗುವ ಮೊದಲೇ ಗೊತ್ತಿರುತ್ತಿದ್ದವು. ಇಂಜಿನ್ನಿನ ಮೈಮೇಲಿನ ಪಟ್ಟಿ ಪುಣೆಯ ಹೆಸರು ಹೇಳುತ್ತಿತ್ತು. ನಾಝಲ್ಲಿನ ಪುಟ್ಟ ಡಬ್ಬಿ ಬೆಂಗಳೂರಿನ ಹೆಸರು ಹೇಳುತ್ತಿತ್ತು. ಪುಣೆಯದು ಕಿರ್ಲೋಸ್ಕರ್, ಬೆಂಗಳೂರಿನದು ಮೈಕೋ. ಇವೆರಡೂ ಕೂಡಿ ನಮ್ಮ ಬಾವಿಯ ನೀರನ್ನು ಮೇಲಕ್ಕೆ ಎತ್ತುತ್ತಿದ್ದವು. ರಾಜ್ಯಗಳ ಗಡಿಯ ಬಗ್ಗೆ ಪೇಪರಿನಲ್ಲಿ ಏನೇ ಜಗಳ ಬರಲಿ, ಬಾವಿಯ ದಂಡೆಯ ಮೇಲೆ ಮಾತ್ರ ಇಬ್ಬರೂ ಒಂದೇ ಎಣ್ಣೆ ಕುಡಿದು ದುಡಿಯುತ್ತಿದ್ದರು.

ಕಿರ್ಲೋಸ್ಕರರನ್ನು ಪೂರ್ತಿ ಪುಣೆಯವರೆನ್ನುವುದೂ ಸರಿಯಲ್ಲ. ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಶುರು ಮಾಡಿದ್ದು ನಮ್ಮ ಬೆಳಗಾವಿಯಲ್ಲಿ ಒಂದು ಸೈಕಲ್ ಅಂಗಡಿ. ಆಮೇಲೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು. ಬೆಳಗಾವಿಯ ಜಾಗ ಬಿಡಬೇಕಾಗಿ ಬಂದಾಗ ಔಂಧ್ ಸಂಸ್ಥಾನದ ರಾಜರು ನೆಲ ಕೊಟ್ಟರು. 1910ರಲ್ಲಿ ಸಾಂಗಲಿಯ ಹತ್ತಿರ ಕಿರ್ಲೋಸ್ಕರವಾಡಿ ಹುಟ್ಟಿದ್ದು ಹಾಗೆ. ಡೀಸೆಲ್ ಇಂಜಿನ್ನಿನ ಕಾರ್ಖಾನೆ ಪುಣೆಯ ಖಡಕಿಯಲ್ಲಿ ಎದ್ದದ್ದು 1946ರಲ್ಲಿ. ಹೊಟ್ಟೆಪಾಡಿಗೆ ಬೆಳಗಾವಿ ದಾಟಿ ಪುಣೆಗೆ ಬಂದವರ ಸಾಲಿನಲ್ಲಿ ನಾವೇ ಮೊದಲಿನವರಲ್ಲ ಅಂತ ಸಮಾಧಾನ ಮಾಡಿಕೊಳ್ಳುವಾಗ ನಾನು ಇದನ್ನು ನೆನೆಸಿಕೊಳ್ಳುವುದುಂಟು.

ಮೈಕೋದ್ದು ಇನ್ನೊಂದು ದಿಕ್ಕಿನ ಪ್ರಯಾಣ. ಜರ್ಮನಿಯ ಬಾಷ್ ಕಂಪನಿ 1922ರಲ್ಲೇ ಕಲಕತ್ತೆಯಲ್ಲಿ ಮಾರಾಟದ ಕಚೇರಿ ತೆರೆದಿತ್ತು. ಸ್ವಾತಂತ್ರ್ಯ ಬಂದ ಮೇಲೆ, 1951ರಲ್ಲಿ, ಮೋಟಾರ್ ಇಂಡಸ್ಟ್ರೀಸ್ ಕಂಪನಿ ಮದರಾಸಿನಲ್ಲಿ ನೋಂದಣಿಯಾಯಿತು. ಆದರೆ ಕಾರ್ಖಾನೆ ಕಟ್ಟಿದ್ದು ಬೆಂಗಳೂರಿನ ಆಡುಗೋಡಿಯಲ್ಲಿ. ಮೊದಮೊದಲು ಸ್ಪಾರ್ಕ್ ಪ್ಲಗ್ಗು, ಡೀಸೆಲ್ ಇಂಜೆಕ್ಷನ್ ಪಂಪು, ನಾಝಲ್ಲು. ಲಾರಿ, ಬಸ್ಸು, ಟ್ರ್ಯಾಕ್ಟರು, ಬಾವಿಯ ಇಂಜಿನ್ನು, ಎಲ್ಲದರ ಹೊಟ್ಟೆಯೊಳಗೂ ಆಡುಗೋಡಿಯ ಸರಕು ಸೇರಿಕೊಂಡಿತು. 2008ರಲ್ಲಿ ಕಂಪನಿ ಹೆಸರು ಬದಲಿಸಿ ಬಾಷ್ ಎಂದಾಯಿತು. 2015ರ ಸುಮಾರಿಗೆ ತಯಾರಿಕೆ ಬಿಡದಿಯ ಕಡೆ ಸರಿಯತೊಡಗಿತು. 2022ರಲ್ಲಿ ಆಡುಗೋಡಿಯ ಜಾಗ ಗಾಜಿನ ಕಟ್ಟಡಗಳ ಕ್ಯಾಂಪಸ್ಸಾಗಿ ಉದ್ಘಾಟನೆಯಾಯಿತು. ಆದರೆ ಮೈಕೋ ಲೇಔಟು ಎಂಬ ಹೆಸರು ಹೋಗಿಲ್ಲ. ಕಂಪನಿ ಮರೆತ ಹೆಸರನ್ನು ಬಡಾವಣೆ ಇಟ್ಟುಕೊಂಡಿದೆ.

ಈ ನಾಝಲ್ಲು ಅಂದರೆ ಏನು ಅಂತ ಬಾವಿಯ ದಂಡೆಯ ಮೇಲೆ ಅಪ್ಪ ತೋರಿಸಿದ್ದರು. ಹೊಗೆ ಕಪ್ಪಗಾದರೆ, ಇಂಜಿನ್ ಕೆಮ್ಮಿದರೆ, ‘ನಾಝಲ್ ಹೋಗೇತಿ’ ಅನ್ನುವುದು ರೈತರ ಮೊದಲ ತೀರ್ಮಾನ. ಅದನ್ನು ಬಿಚ್ಚಿ, ಪೈಪಿಗೆ ಹೊರಗೇ ಜೋಡಿಸಿ, ಹ್ಯಾಂಡಲ್ ತಿರುಗಿಸಿ ನೋಡುತ್ತಿದ್ದರು. ಒಳ್ಳೆಯ ನಾಝಲ್ಲು ಮಂಜಿನಂಥ ಹೊಗೆ ಉಗುಳುತ್ತದೆ, ಕೆಟ್ಟದ್ದು ಮಕ್ಕಳು ಉಚ್ಚೆ ಹೊಯ್ದಂತೆ ಎಳೆಯಾಗಿ ಬಿಡುತ್ತದೆ. ‘ಕೈ ಅಡ್ಡ ಹಿಡಿಬ್ಯಾಡ, ಚರ್ಮದಾಗ ಹೊಕ್ಕತೈತಿ’ ಎಂದು ಅಪ್ಪ ನನ್ನನ್ನು ದೂರ ನಿಲ್ಲಿಸುತ್ತಿದ್ದರು. ಅದು ಬರೀ ಹೆದರಿಕೆಯ ಮಾತಲ್ಲ. ಡೀಸೆಲ್ ನಾಝಲ್ಲಿನ ಒತ್ತಡಕ್ಕೆ ಎಣ್ಣೆ ನಿಜಕ್ಕೂ ಚರ್ಮ ಸೀಳಿ ಒಳಗೆ ಹೋಗುತ್ತದೆ, ಬೆರಳು ಕಳೆದುಕೊಂಡವರಿದ್ದಾರೆ. ಮಂಜು ಮತ್ತು ಎಳೆ, ಇಷ್ಟೇ ವ್ಯತ್ಯಾಸ. ಐವತ್ತು ವರ್ಷಗಳ ನಂತರ ಪಿಂಪ್ರಿ–ಚಿಂಚವಡದ ಒಂದು ಸೊಸೈಟಿಯ ಪಾರ್ಕಿಂಗಿನಲ್ಲಿ ನನ್ನ ಮಾರುತಿ 800ರ ಬಾನೆಟ್ಟು ಎತ್ತಿದಾಗ ನನಗಿದ್ದ ವಿದ್ಯೆಯ ಅರ್ಧ ಪಾಲು ಅದೇ.

ಉಳಿದರ್ಧಕ್ಕೆ ಕಾರುಗಳ ಚರಿತ್ರೆ ಸ್ವಲ್ಪ ಹೇಳಬೇಕು. ಅದೂ ಮೈಸೂರಿನಿಂದಲೇ ಶುರುವಾಗುತ್ತದೆ ಅಂದರೆ ಇಲ್ಲಿನ ಮರಾಠಿ ಗೆಳೆಯರು ಹುಬ್ಬು ಏರಿಸುತ್ತಾರೆ. ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ಯುರೋಪು, ಅಮೆರಿಕ ಸುತ್ತಿ ಮೋಟಾರು ಕಾರ್ಖಾನೆಗಳನ್ನು ನೋಡಿ ಬಂದು, ಇಂಡಿಯಾದಲ್ಲೇ ಕಾರು ಮಾಡುವ ಯೋಜನೆ ಬರೆದರು. ಸೊಲ್ಲಾಪುರದ ಮಣ್ಣಿನ ವಾಲಚಂದ್ ಹೀರಾಚಂದರು ಜೊತೆಯಾದರು. ಮೊದಲು ಮುಂಬಯಿ ಸರಕಾರದ ಜೊತೆ ಮಾತು ನಡೆದು, ಆಮೇಲೆ ಮೈಸೂರು ಸಂಸ್ಥಾನ ಕೈಜೋಡಿಸಲು ತಯಾರಾಯಿತು. ಯುದ್ಧದ ಹೊತ್ತಿನ ಬ್ರಿಟಿಷ್ ಸರಕಾರ ಒಪ್ಪಲಿಲ್ಲ. ಅದೇ ವಾಲಚಂದರು ಅದೇ ಮೈಸೂರು ಸರಕಾರದ ಜೊತೆ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆ ತೆಗೆದರು, ಇವತ್ತಿನ ಎಚ್‌ಎಎಲ್ ಅದೇ. ಕಾರಿನ ಕನಸು 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಎಂಬ ಹೆಸರಿನಲ್ಲಿ ಮುಂಬಯಿಗೆ ಹೋಯಿತು. ಕಾರ್ಖಾನೆ ಕುರ್ಲಾದಲ್ಲಿ. ಕಾರು ಕೇಳಿದ ಮೈಸೂರಿಗೆ ವಿಮಾನ ಸಿಕ್ಕಿತು. ಲಾಭವೋ ನಷ್ಟವೋ ಲೆಕ್ಕ ಹಾಕುವುದು ಕಷ್ಟ, ನನಗಂತೂ ಲಾಭ ಅಂತಲೇ ಕಾಣುತ್ತದೆ.

ಕುರ್ಲಾದಿಂದ ಹೊರಬಂದ ಫಿಯೆಟ್ 1100, ಎಪ್ಪತ್ತರ ದಶಕದಲ್ಲಿ ಪ್ರೀಮಿಯರ್ ಪದ್ಮಿನಿ ಎಂಬ ಹೆಸರು ಹೊತ್ತು ಮುಂಬಯಿಯ ಕಾಳಿಪೀಳಿ ಟ್ಯಾಕ್ಸಿಯಾಯಿತು. ದಾದರಿನಲ್ಲೋ ವಿ.ಟಿ.ಯಲ್ಲೋ ರೈಲಿಳಿದು ಟ್ರಂಕು ಹೊತ್ತುಕೊಂಡು ನಿಂತ ಎಷ್ಟೋ ಕನ್ನಡಿಗರ ಮೊದಲ ಮುಂಬಯಿ ಸವಾರಿ ಈ ಪದ್ಮಿನಿಯ ಮೇಲೇ. ಅದಕ್ಕಿದ್ದದ್ದು ಸೋಲೆಕ್ಸ್ ಕಾರ್ಬ್ಯುರೇಟರ್. ಕಾರ್ಬ್ಯುರೇಟರಿಗೆ ಬುದ್ಧಿ ಇಲ್ಲ, ಸ್ವಭಾವ ಮಾತ್ರ ಇದೆ. ಇಂಜಿನ್ನು ಎಳೆಯುವ ಗಾಳಿ ಒಂದು ಇಕ್ಕಟ್ಟಾದ ಕೊರಳಲ್ಲಿ ಜೋರಾಗಿ ಹಾಯುತ್ತದೆ, ಆ ಜೋರಿಗೆ ಅಲ್ಲಿ ಒತ್ತಡ ಇಳಿದು ಸಣ್ಣ ಜೆಟ್ಟಿನ ತೂತಿನಿಂದ ಪೆಟ್ರೋಲು ತಾನಾಗಿ ಮೇಲೆ ಚಿಮ್ಮುತ್ತದೆ. ಅಷ್ಟೇ. ಚಳಿಯಾದರೆ ಚೋಕ್ ಎಳೆಯಬೇಕು, ಬಿಸಿಯಾದರೆ ಕಾಯಬೇಕು, ಕಸ ಕೂತರೆ ಜೆಟ್ಟು ಬಿಚ್ಚಿ ಬಾಯಿಂದ ಊದಬೇಕು. ಪೆಟ್ರೋಲು ಬಾಯಿಗೆ ಹೋಗಿ ಥೂ ಎಂದು ಉಗುಳದ ಹಳೆಯ ಮೇಸ್ತ್ರಿ ಇಲ್ಲವೇ ಇಲ್ಲ. ಕೊನೆಯ ಪದ್ಮಿನಿ ಟ್ಯಾಕ್ಸಿ ತಾಡದೇವ ಆರ್‌ಟಿಒದಲ್ಲಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಟ್ಯಾಕ್ಸಿಗೆ ಇಪ್ಪತ್ತು ವರ್ಷದ ಆಯುಷ್ಯ ಎಂಬ ನಿಯಮದ ಪ್ರಕಾರ 2023ರ ಅಕ್ಟೋಬರ್ 30ರಿಂದ ಮುಂಬಯಿಯಲ್ಲಿ ಪದ್ಮಿನಿ ಟ್ಯಾಕ್ಸಿ ಇಲ್ಲ.

ಕಾರ್ಬ್ಯುರೇಟರನ್ನು ಓಡಿಸಿದ ಇಂಜೆಕ್ಟರು ಆಗಿನ್ನೂ ನಮಗೆ ಹೊಸದು, ಜಗತ್ತಿಗೆ ಹಳೆಯದು. ರಾಬರ್ಟ್ ಬಾಷ್‌ರ ಕಂಪನಿ ಡೀಸೆಲ್ ಇಂಜೆಕ್ಷನ್ ಪಂಪನ್ನು ಸಾಲುಗಟ್ಟಿ ತಯಾರಿಸತೊಡಗಿದ್ದು 1927ರಲ್ಲಿ. ಪೆಟ್ರೋಲು ಕಾರಿನಲ್ಲೂ ಇದನ್ನು ಪಂಪಿನ ಬಲದಿಂದ ಮಾಡಿದವರಿದ್ದಾರೆ, 1954ರ ಮರ್ಸಿಡಿಸ್ 300 ಎಸ್‌ಎಲ್ ಅದರಲ್ಲಿ ಹೆಸರಾದದ್ದು. ವಿದ್ಯುತ್ತಿನಿಂದ ಬಾಯಿ ತೆರೆದು ಮುಚ್ಚುವ ಇಂಜೆಕ್ಟರನ್ನು ಮೊದಲು ಮಾರಲು ಹೊರಟದ್ದು ಅಮೆರಿಕದ ಬೆಂಡಿಕ್ಸ್ ಕಂಪನಿ, 1957–58ರಲ್ಲಿ. ಆಗಿನ ಎಲೆಕ್ಟ್ರಾನಿಕ್ಸ್ ಸಾಮಾನು ಬಿಸಿಗೆ, ಚಳಿಗೆ ತಾಳಲಿಲ್ಲ. ಕೆಲವೇ ಡಜನ್ ಕಾರುಗಳಲ್ಲಿ ಅದು ಮುಗಿಯಿತು. ಅದರ ಪೇಟೆಂಟು ಬಾಷ್ ಕೈಗೆ ಬಂತು. 1967ರಲ್ಲಿ ಫೋಕ್ಸ್‌ವ್ಯಾಗನ್ 1600 ಕಾರಿನಲ್ಲಿ ಅದನ್ನು ಕೂಡಿಸಿ ಅಮೆರಿಕಕ್ಕೆ ಕಳಿಸಿದರು. ಅಲ್ಲಿ, ಮುಖ್ಯವಾಗಿ ಕ್ಯಾಲಿಫೋರ್ನಿಯಾದಲ್ಲಿ, ಹೊಗೆಯ ಕಾನೂನು ಬಿಗಿಯಾಗುತ್ತಿತ್ತು. ಇಂಜೆಕ್ಟರಿನ ಚರಿತ್ರೆಯಲ್ಲಿ ಇದನ್ನು ಗಮನಿಸಬೇಕು. ಅದನ್ನು ಮನೆಮನೆಗೆ ತಂದದ್ದು ವೇಗದ ಆಸೆಯಲ್ಲ, ಹೊಗೆಯ ಕಾನೂನು.

ನಮ್ಮಲ್ಲೂ ಹಾಗೆಯೇ ಆಯಿತು. ಮಾರುತಿ 800 1983ರ ಡಿಸೆಂಬರಿನಲ್ಲಿ ಬಂದಾಗ ಅದಕ್ಕೂ ಕಾರ್ಬ್ಯುರೇಟರೇ. 1995ರ ಏಪ್ರಿಲಿನಿಂದ ದೆಹಲಿ, ಮುಂಬಯಿ, ಕಲಕತ್ತೆ, ಮದರಾಸುಗಳಲ್ಲಿ ಹೊಸ ಪೆಟ್ರೋಲು ಕಾರುಗಳಿಗೆ ಕೆಟಲಿಟಿಕ್ ಕನ್ವರ್ಟರ್ ಕಡ್ಡಾಯವಾಯಿತು. ಸೀಸ ಬೆರೆಸಿದ ಪೆಟ್ರೋಲು ಈ ಕನ್ವರ್ಟರನ್ನು ಕೊಲ್ಲುತ್ತದೆ. ಹಾಗಾಗಿ ಸೀಸ ಇಲ್ಲದ ಪೆಟ್ರೋಲೂ ಆ ನಾಲ್ಕು ನಗರಗಳಿಗೆ ಬಂತು. 2000ದ ಫೆಬ್ರವರಿ 1ರಿಂದ ದೇಶದಲ್ಲೆಲ್ಲ ಸೀಸದ ಪೆಟ್ರೋಲು ನಿಂತಿತು. ನಮ್ಮ ಮಕ್ಕಳ ರಕ್ತಕ್ಕೆ ಆದ ಇಷ್ಟು ದೊಡ್ಡ ಉಪಕಾರ ಎಷ್ಟು ಸದ್ದಿಲ್ಲದೆ ಆಗಿಹೋಯಿತು ಎಂದು ನನಗೆ ಈಗಲೂ ಆಶ್ಚರ್ಯ. ಇನ್ನು ಈ ಕನ್ವರ್ಟರು ಸರಿಯಾಗಿ ಕೆಲಸ ಮಾಡಬೇಕಾದರೆ ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ 14.7 ಪಾಲು ಗಾಳಿ, ಅದರ ಆಚೀಚೆ ಹೆಚ್ಚು ಸರಿಯಬಾರದು. ಸ್ವಭಾವದ ಮೇಲೆ ನಡೆಯುವ ಕಾರ್ಬ್ಯುರೇಟರಿಗೆ ಈ ಲೆಕ್ಕ ಎಲ್ಲಿಂದ ಬರಬೇಕು? ಹೊಗೆಯ ಕೊಳವೆಯಲ್ಲಿ ಆಮ್ಲಜನಕ ಅಳೆಯುವ ಒಂದು ಸೆನ್ಸರು, ಅದರ ಮಾತು ಕೇಳುವ ಒಂದು ಪುಟ್ಟ ಕಂಪ್ಯೂಟರು, ಅದು ಹೇಳಿದಷ್ಟೇ ಹೊತ್ತು ಬಾಯಿ ತೆರೆಯುವ ಇಂಜೆಕ್ಟರು, ಇವು ಮೂರೂ ಬೇಕಾದವು.

ಕೊನೆಯ ನೂಕು ದೆಹಲಿಯಿಂದ ಬಂತು. ಎಂ.ಸಿ. ಮೆಹ್ತಾ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1999ರ ಏಪ್ರಿಲ್ 29ರಂದು ಆದೇಶ ಕೊಟ್ಟಿತು. ರಾಜಧಾನಿ ಪ್ರದೇಶದಲ್ಲಿ ಖಾಸಗಿ ವಾಹನ ನೋಂದಣಿಯಾಗಬೇಕಾದರೆ ಜೂನ್ 1ರಿಂದ ಯೂರೋ ಒಂದು, 2000ದ ಏಪ್ರಿಲ್ 1ರಿಂದ ಯೂರೋ ಎರಡು. ಕಂಪನಿಗಳು ತಿಂಗಳುಗಳಲ್ಲಿ ಓಡಬೇಕಾಯಿತು. ಹಿಂದಿನ ವರ್ಷವಷ್ಟೇ ಬಂದಿದ್ದ ಸ್ಯಾಂಟ್ರೋ, ಮಾಟಿಜ್‌ಗಳಿಗೆ ಇಂಜೆಕ್ಟರು ಮೊದಲೇ ಇತ್ತು. ಮಾರುತಿ 800ಕ್ಕೆ 2000ದಲ್ಲಿ ಬಂತು. ಹೊಸ ಗಾಡಿಗಳು ಪರೀಕ್ಷೆಗೆಂದು ಬರುತ್ತಿದ್ದದ್ದು ನಮ್ಮ ಪುಣೆಗೆ. ಕೋಥರೂಡಿನ ವೇತಾಳ ಟೇಕಡಿಯ ಮೇಲೆ 1966ರಲ್ಲಿ ಶುರುವಾದ ಎಆರ್‌ಎಐ ಸಂಸ್ಥೆ ಇದೆ. ಹೊಗೆ ಅಳೆಯುವುದೂ ಅಲ್ಲಿನ ಕೆಲಸ. ಬೆಳಿಗ್ಗೆ ಟೇಕಡಿ ಹತ್ತಿ ಶುದ್ಧ ಗಾಳಿ ಕುಡಿಯುವ ಪುಣೇಕರರು ಅದರ ಬೇಲಿಯ ಪಕ್ಕದಲ್ಲೇ ಹಾದುಹೋಗುತ್ತಾರೆ.

ಆಗ ಡಿಕ್ಕಿಯ ಮೇಲೆ ‘ಎಂಪಿಎಫ್‌ಐ’ ಎಂಬ ಅಕ್ಷರ ಇದ್ದ ಕಾರಿಗೆ ಒಂದು ಗತ್ತು ಇತ್ತು. ಒಂದೊಂದು ಸಿಲಿಂಡರಿಗೆ ಒಂದೊಂದು ಇಂಜೆಕ್ಟರು ಎನ್ನುವುದಷ್ಟೇ ಅದರ ಅರ್ಥ. ನಮ್ಮ ಏರಿಯಾದ ಮೇಸ್ತ್ರಿ ಮಾತ್ರ ಆ ಅಕ್ಷರ ಕಂಡರೆ ಕೈ ಮುಗಿಯುತ್ತಿದ್ದ. ಅವನು ಇಂಡಿ ಕಡೆಯವನು, ಹುಡುಗನಾಗಿದ್ದಾಗ ಬರಗಾಲದ ವರ್ಷ ಅಪ್ಪನ ಜೊತೆ ಕಟ್ಟಡದ ಕೆಲಸಕ್ಕೆ ಪುಣೆಗೆ ಬಂದು, ಗ್ಯಾರೇಜು ಸೇರಿ ಕಾರ್ಬ್ಯುರೇಟರಿನಲ್ಲಿ ಕೈ ಪಳಗಿಸಿಕೊಂಡವನು. ಸ್ಕ್ರೂ ಅರ್ಧ ಸುತ್ತು ತಿರುಗಿಸಿ ಕಿವಿಯಿಂದಲೇ ಸರಿ ಮಾಡುತ್ತಿದ್ದ. ‘ಸಾಹೇಬ್ರ, ಇದರಾಗ ತಿರುವಾಕ ಏನೂ ಇಲ್ರಿ. ನಾ ಏನ್ ಮಾಡ್ಲಿ?’ ಎಂದು ಒಮ್ಮೆ ಕೇಳಿದ್ದ. ಹೊಗೆಯ ಕಾನೂನು ನಗರಗಳಿಗೆ ಒಳ್ಳೆಯದನ್ನೇ ಮಾಡಿತು, ನನಗೆ ಅದರಲ್ಲಿ ಅನುಮಾನವಿಲ್ಲ. ಆದರೆ ಒಂದು ಇಡೀ ತಲೆಮಾರಿನ ಕಿವಿಗೆ ಅದು ಕೆಲಸ ಇಲ್ಲದಂತೆ ಮಾಡಿತು. ಊರು ಬಿಟ್ಟು ಬಂದು ಕೈಕೆಲಸವೊಂದನ್ನೇ ಆಸ್ತಿ ಮಾಡಿಕೊಂಡವನಿಗೆ ಅದು ಎರಡನೆಯ ಸಲ ಊರು ಬಿಟ್ಟಂತೆ. ಅವನು ಬಿಡಲಿಲ್ಲ. ಮಗನನ್ನು ಐಟಿಐಗೆ ಹಾಕಿ, ಮಗ ಕಲಿತದ್ದನ್ನು ತಾನು ಕಲಿತ. ಈಗ ಅವನ ಗ್ಯಾರೇಜಿನಲ್ಲಿ ಇಂಜೆಕ್ಟರ್ ತೊಳೆಯುವ ಮಷೀನೇ ಇದೆ.

ನನ್ನ ಮಾರುತಿ 2001ರದ್ದು. ಹುಬ್ಬಳ್ಳಿಯಲ್ಲಿ ಕೊಂಡದ್ದು, ಕೆಎ 25. ಕಾನೂನಿನ ಪ್ರಕಾರ ಗಾಡಿ ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇದ್ದರೆ ಅಲ್ಲಿನ ನಂಬರು ತೆಗೆದುಕೊಳ್ಳಬೇಕು. ನೌಕರಿಗೆ ಬಂದು ವರ್ಷ ತುಂಬುತ್ತಲೇ ಎನ್‌ಒಸಿ, ಮತ್ತೆ ತೆರಿಗೆ, ಮತ್ತೆ ಸಾಲು. ಕೊನೆಗೆ ಎಂಎಚ್ 14 ಆಯಿತು. ಹಳೆಯ ಪ್ಲೇಟನ್ನು ಹೆಂಡತಿ ಮಾಳಿಗೆಯ ಮೇಲೆ ಎತ್ತಿಟ್ಟಿದ್ದಾಳೆ. ಹದಿನೈದು ವರ್ಷ ಮುಗಿದ ಮೇಲೆ 2016ರಲ್ಲಿ, ಆಮೇಲೆ 2021ರಲ್ಲಿ ಆರ್‌ಸಿ ನವೀಕರಣವಾಯಿತು. ಇನ್ನೊಂದು ಸರದಿ 2026ಕ್ಕೆ. ಈ ನಡುವೆ ನವೀಕರಣದ ಫೀ 2022ರಲ್ಲಿ 5 ಸಾವಿರವಾಗಿ, 2025ರಲ್ಲಿ ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ 10 ಸಾವಿರವಾಗಿದೆ. ಮೇಲೆ ಪರಿಸರದ ತೆರಿಗೆ ಬೇರೆ. ದೆಹಲಿಯಲ್ಲಾಗಿದ್ದರೆ ಹದಿನೈದು ವರ್ಷದ ಪೆಟ್ರೋಲು ಕಾರು ರಸ್ತೆಗಿಳಿಯಬಾರದು ಎಂಬ ಆದೇಶ 2018ರಲ್ಲೇ ಇದರ ಬಾಗಿಲು ಮುಚ್ಚುತ್ತಿತ್ತು. ಗುಜರಿಗೆ ಹಾಕಿಬಿಡಿ ಎಂದು ಮಗ ಹೇಳುತ್ತಾನೆ. ಅವನು ಹೇಳುವುದು ತಪ್ಪೇನಲ್ಲ. ಆದರೆ ನಿವೃತ್ತಿಯಾದವನು ಹೊಸ ಕಾರಿನ ಸಾಲ ತೆಗೆಯುವುದೂ ಜಾಣತನವಲ್ಲ. ತಪಾಸಣೆಯಲ್ಲಿ ಪಾಸಾಗಬೇಕು, ಇಲ್ಲವೇ ಬಿಡಬೇಕು. ಹೀಗೆ ಲೆಕ್ಕ ಹಾಕುತ್ತಿದ್ದ ಹೊತ್ತಿಗೇ ಪೆಟ್ರೋಲಿನ ವಾಸನೆ ಶುರುವಾಯಿತು.

ಬೆಳಿಗ್ಗೆ ಮೊದಲ ಸಲ ಚಾಲೂ ಮಾಡಲು ಎರಡು ಮೂರು ಸಲ ಕೀಲಿ ತಿರುಗಿಸಬೇಕು, ಚಾಲೂ ಆದ ಮೇಲೆ ಒಂದು ನಿಮಿಷ ಕಪ್ಪು ಹೊಗೆ, ಆಮೇಲೆ ಸರಿ. ಬಾನೆಟ್ಟು ಎತ್ತಿದರೆ ಒಂದು ಇಂಜೆಕ್ಟರಿನ ಕೊರಳ ಹತ್ತಿರ ಒದ್ದೆ. ಡಿಪ್‌ಸ್ಟಿಕ್ ತೆಗೆದು ಮೂಸಿದೆ, ಇಂಜಿನ್ ಆಯಿಲ್ಲಿಗೂ ಪೆಟ್ರೋಲಿನ ವಾಸನೆ. ಅಂದರೆ ಸೋರಿಕೆ ಎರಡು ಕಡೆ. ಹೊರಗಿನದು ರಬ್ಬರ್ ರಿಂಗಿನದು, ಒಳಗಿನದು ಸೂಜಿಯದು. ಹೊರಗೆ ಸೋರಿದರೆ ಬಿಸಿ ಇಂಜಿನ್ನಿನ ಮೇಲೆ ಬೆಂಕಿಯ ಭಯ. ಒಳಗೆ ಸೋರಿದರೆ ರಾತ್ರಿಯೆಲ್ಲ ಹನಿಹನಿಯಾಗಿ ಸಿಲಿಂಡರಿಗೆ ಇಳಿದು ಆಯಿಲ್ಲನ್ನು ನೀರು ಮಾಡುತ್ತದೆ, ಬೇರಿಂಗು ಸವೆಯುತ್ತದೆ. ಎರಡನೆಯದು ಕಣ್ಣಿಗೆ ಕಾಣುವುದಿಲ್ಲ, ಅದಕ್ಕೇ ಕೆಟ್ಟದ್ದು.

ರಬ್ಬರು ಯಾಕೆ ಹೋಯಿತು? ಇಪ್ಪತ್ತೈದು ವರ್ಷದ ರಬ್ಬರು ಹೋಗದೆ ಏನು ಮಾಡೀತು ಎನ್ನಬಹುದು. ಆದರೆ ಪೆಟ್ರೋಲೂ ಅದೇ ಪೆಟ್ರೋಲಾಗಿ ಉಳಿದಿಲ್ಲ. 2003ರ ಜನವರಿಯಲ್ಲಿ ಒಂಬತ್ತು ರಾಜ್ಯಗಳಲ್ಲಿ, ನಾಲ್ಕು ಕೇಂದ್ರಾಡಳಿತ ಪ್ರದೇಶಗಳಲ್ಲಿ ನೂರಕ್ಕೆ 5ರಷ್ಟು ಎಥನಾಲ್ ಬೆರೆಸುವುದು ಶುರುವಾಯಿತು. ಬಹಳ ವರ್ಷ ಅದು ಕುಂಟುತ್ತಲೇ ಇತ್ತು. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ, ಇಂಧನದ ದೊಡ್ಡ ಸಮ್ಮೇಳನದಲ್ಲಿ, ಪ್ರಧಾನಿಯವರು ಇ20, ಅಂದರೆ ನೂರಕ್ಕೆ 20 ಎಥನಾಲ್ ಇರುವ ಪೆಟ್ರೋಲನ್ನು ಬಿಡುಗಡೆ ಮಾಡಿದರು. 84 ಬಂಕುಗಳಲ್ಲಿ ಶುರುವಾದದ್ದು 2025ರ ಹೊತ್ತಿಗೆ ದೇಶದ ಸಾಮಾನ್ಯ ಪೆಟ್ರೋಲೇ ಆಗಿಹೋಯಿತು. ಮೊದಲು ಇಟ್ಟುಕೊಂಡ ಗುರಿ 2030. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ, ಹಳೆಯ ಕಾಲದ ರಬ್ಬರನ್ನು ಉಬ್ಬಿಸುತ್ತದೆ, ಒಣಗಿಸುತ್ತದೆ, ಬಿರುಕು ಬಿಡಿಸುತ್ತದೆ. ನೀತಿ ಆಯೋಗದ 2021ರ ವರದಿಯೇ ಹಳೆಯ ಲೆಕ್ಕದ ಕಾರುಗಳಲ್ಲಿ ಮೈಲೇಜು ನೂರಕ್ಕೆ 6–7ರಷ್ಟು ಇಳಿದೀತು ಎಂದು ಅಂದಾಜು ಮಾಡಿತ್ತು. 2025ರ ಆಗಸ್ಟಿನಲ್ಲಿ ಗಲಾಟೆ ಜೋರಾದಾಗ, ಕೆಲವು ಹಳೆಯ ವಾಹನಗಳಲ್ಲಿ 20ರಿಂದ 30 ಸಾವಿರ ಕಿಲೋಮೀಟರಿನ ನಂತರ ಕೆಲವು ರಬ್ಬರು ಭಾಗ, ಗ್ಯಾಸ್ಕೆಟ್ಟು ಬದಲಿಸಬೇಕಾಗಬಹುದು, ಅದು ಅಗ್ಗದ ಕೆಲಸ ಎಂದು ಸರಕಾರ ಹೇಳಿತು. ಎಥನಾಲ್ ಇಲ್ಲದ ಪೆಟ್ರೋಲೂ ಸಿಗಲಿ ಎಂದು ಹಾಕಿದ ಅರ್ಜಿಯನ್ನು ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟು ತಳ್ಳಿಹಾಕಿತು. ಹಳೆ ಕಾರಿನವರ ಮುಂದೆ ಬೇರೆ ದಾರಿ ಇಲ್ಲ.

ಇದನ್ನು ಫೋನಿನಲ್ಲಿ ಊರಿನ ತಮ್ಮನಿಗೆ ಹೇಳಿಕೊಂಡೆ. ಅವನಿಗೆ ಆರು ಎಕರೆ ಕಬ್ಬು. ನಮ್ಮ ಜಿಲ್ಲೆಯ, ಪಕ್ಕದ ಬೆಳಗಾವಿ ಜಿಲ್ಲೆಯ ಸಕ್ಕರೆ ಕಾರ್ಖಾನೆಗಳಲ್ಲಿ ಬಹಳಷ್ಟಕ್ಕೆ ಈಗ ಡಿಸ್ಟಿಲರಿ ಇದೆ. ಮೊದಲು ಕಾಕಂಬಿಯಿಂದ ಮಾತ್ರ ಎಥನಾಲ್ ಮಾಡುತ್ತಿದ್ದವರು ಈಗ ಕಬ್ಬಿನ ಹಾಲಿನಿಂದ ನೇರವಾಗಿಯೂ ಮಾಡುತ್ತಾರೆ. ಸಕ್ಕರೆ ಗೋದಾಮಿನಲ್ಲಿ ಕೊಳೆಯುತ್ತ ಕೂತು, ರೈತರ ಬಿಲ್ಲು ವರ್ಷಗಟ್ಟಲೆ ಬಾಕಿ ಉಳಿಯುತ್ತಿದ್ದ ಕಾಲವನ್ನು ನಾನೂ ನೋಡಿದ್ದೇನೆ. ತಮ್ಮ ಎಲ್ಲ ಕೇಳಿ ನಕ್ಕ. ‘ಅಣ್ಣಾ, ನಿನ್ನ ರಬ್ಬರ್ ವಾಶರ್ ಹೋದ್ರ ಹತ್ತು ರೂಪಾಯಿದು ಇನ್ನೊಂದು ಬರತೈತಿ. ನಮ್ಮ ಬಿಲ್ಲು ನಿಂತ್ರ ಎಲ್ಲಿಂದ ತರೋದು?’ ಅಂದ. ಆಮೇಲೆ ಸ್ವಲ್ಪ ತಡೆದು, ‘ಇಲ್ಲೂ ಹೆಚ್ಚಿಗೆ ಏನ್ ಕೊಡಾಕತ್ತಿಲ್ಲ ಬಿಡು, ಹೊತ್ತಿಗೆ ಕೊಡ್ತಾರ ಅಷ್ಟ’ ಎಂದೂ ಸೇರಿಸಿದ. ನನಗೆ ಉತ್ತರ ಹೊಳೆಯಲಿಲ್ಲ. ನಮ್ಮ ಹೊಲದ ಕಬ್ಬೇ ಸುತ್ತಿ ಬಳಸಿ ಚಿಂಚವಡಕ್ಕೆ ಬಂದು ನನ್ನ ಕಾರಿನ ರಿಂಗು ತಿಂದಿತು ಎಂದು ಖಾತ್ರಿಯಾಗಿ ಹೇಳಲು ಬರುವುದಿಲ್ಲ. ಇಲ್ಲಿ ಮಹಾರಾಷ್ಟ್ರದ ಕಬ್ಬೂ ಬೇಕಾದಷ್ಟಿದೆ.

ಇಂಜೆಕ್ಟರನ್ನು ಮನೆಯಲ್ಲೇ ಬಿಚ್ಚಿದ್ದಕ್ಕೆ ದುಡ್ಡು ಉಳಿಸುವುದೊಂದೇ ಕಾರಣವಲ್ಲ. ವಾಸನೆ ಬರುತ್ತಿರುವ ಗಾಡಿಯನ್ನು ಟ್ರಾಫಿಕ್ಕಿನಲ್ಲಿ ಗ್ಯಾರೇಜಿನವರೆಗೆ ಓಡಿಸುವುದು ಬೇಡ ಎಂದು ಮೇಸ್ತ್ರಿಯೇ ಹೇಳಿದ. ಸೊಸೈಟಿಯ ಸೆಕ್ರೆಟರಿಯದು ಒಂದು ತಕರಾರಿತ್ತು. ಪಾರ್ಕಿಂಗಿನಲ್ಲಿ ರಿಪೇರಿ ಕೂಡದು ಎಂಬ ಬೋರ್ಡೇ ಇದೆ. ಗಾಡಿಯನ್ನು ತಳ್ಳಿ ಗೇಟಿನ ಪಕ್ಕದ ಬಯಲಿಗೆ ತಂದೆವು, ಅದು ಹೇಗಿದ್ದರೂ ಒಳ್ಳೆಯದೇ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಮುಚ್ಚಿದ ಜಾಗದಲ್ಲಿ ನೆಲದ ಮೇಲೆ ಹರಡಿ ಕೂರುತ್ತದೆ. ಬೆಂಕಿ ಆರಿಸುವ ಸಿಲಿಂಡರು ಪಕ್ಕಕ್ಕೆ ಇಟ್ಟೆ. ಮೇಸ್ತ್ರಿ ಒಂದು ಮಾತು ಹೇಳಿ ಸ್ಟೂಲಿನ ಮೇಲೆ ಕೂತ. ‘ನೀವ ಬಿಚ್ರಿ ಸಾಹೇಬ್ರ, ನಾ ನೋಡ್ತೀನಿ.’

ಮೊದಲ ಕೆಲಸ ಲೈನಿನ ಒತ್ತಡ ಇಳಿಸುವುದು. ಇಂಜೆಕ್ಷನ್ ಕಾರಿನಲ್ಲಿ ಇಂಜಿನ್ ಬಂದಾದ ಮೇಲೂ ಪೈಪಿನಲ್ಲಿ ಪೆಟ್ರೋಲು ಒತ್ತಿಕೊಂಡು ನಿಂತಿರುತ್ತದೆ. ಹಾಗೇ ಪಾನಾ ಹಾಕಿದರೆ ಮುಖಕ್ಕೇ ಹಾರುತ್ತದೆ. ಪಂಪಿನ ಫ್ಯೂಜು ತೆಗೆದು ಇಂಜಿನ್ ಚಾಲೂ ಮಾಡಿದೆ. ಉಳಿದದ್ದನ್ನು ಕುಡಿದು ತಾನೇ ನಿಂತಿತು. ಇನ್ನೊಮ್ಮೆ ಕೀಲಿ ತಿರುಗಿಸಿದರೂ ಹತ್ತಲಿಲ್ಲ. ಪೂರ್ತಿ ತಣ್ಣಗಾಗುವವರೆಗೆ ಒಂದು ತಾಸು ಕಾದು, ಬ್ಯಾಟರಿಯ ಮೈನಸ್ ವಾಯರು ಬಿಚ್ಚಿದೆ. ಆಮೇಲೆ ಇಂಜೆಕ್ಟರುಗಳ ಮೇಲಿನ ಪ್ಲಗ್ಗು. ಇಪ್ಪತ್ತೈದು ವರ್ಷ ಬಿಸಿ ತಿಂದ ಪ್ಲಾಸ್ಟಿಕ್ಕು ಬಿಸ್ಕೀಟಿನಂತಾಗಿರುತ್ತದೆ, ಎಳೆಯಬಾರದು, ಕ್ಲಿಪ್ಪು ಒತ್ತಿ ಅಲುಗಿಸಬೇಕು. ಮೂರಕ್ಕೂ ಗುರುತಿನ ಚೀಟಿ ಅಂಟಿಸಿದೆ. ಪೆಟ್ರೋಲು ಹಂಚುವ ಕೊಳವೆಯನ್ನು ಫ್ಯುಯೆಲ್ ರೇಲ್ ಅನ್ನುತ್ತಾರೆ, ಅದರ ಬೋಲ್ಟು ಬಿಚ್ಚಿ ಮೂರೂ ಇಂಜೆಕ್ಟರುಗಳ ಸಮೇತ ಒಂದೇ ಸಮನೆ ಮೇಲಕ್ಕೆ ಎತ್ತಬೇಕು. ಎತ್ತುವ ಮೊದಲು ಸುತ್ತಲಿನ ಧೂಳನ್ನು ಬ್ರಶ್ಶಿನಿಂದ ಒರೆಸಿಬಿಡಬೇಕು, ಇಲ್ಲದಿದ್ದರೆ ಪುಣೆಯ ಧೂಳೆಲ್ಲ ನೇರ ಇಂಜಿನ್ನಿನೊಳಗೆ. ಕೆಳಗೆ ತೆರೆದ ತೂತುಗಳಿಗೆ ಚೊಕ್ಕ ಬಟ್ಟೆ ತುರುಕಿದೆ.

ರಿಂಗುಗಳು ಕೈಗೆ ಬಂದವು. ಎರಡು ಚಪ್ಪಟೆಯಾಗಿದ್ದವು, ಒಂದು ಉಗುರು ತಾಗಿದ್ದೇ ತುಂಡಾಯಿತು. ಮೂರೂ ಇಂಜೆಕ್ಟರುಗಳನ್ನು ಮೇಸ್ತ್ರಿಯ ಮಗ ಸ್ಕೂಟರಿನಲ್ಲಿ ಒಯ್ದು ಮಷೀನಿಗೆ ಹಾಕಿದ. ನಾನೂ ಹಿಂದೆ ಕೂತು ಹೋದೆ. ಗಾಜಿನ ಮೂರು ನಳಿಗೆಗಳ ಮೇಲೆ ಮೂರನ್ನೂ ನಿಲ್ಲಿಸಿ, ಒತ್ತಡ ಕೊಟ್ಟು, ವಿದ್ಯುತ್ತಿನ ಮಿಡಿತ ಕಳಿಸಿದರೆ ಟಿಕಟಿಕ ಸದ್ದು. ಒಳಗೆ ಒಂದು ತಂತಿಯ ಸುರುಳಿ, ಒಂದು ಸ್ಪ್ರಿಂಗು, ಒಂದು ಸೂಜಿ. ಕರೆಂಟು ಬಂದಾಗ ಸುರುಳಿ ಅಯಸ್ಕಾಂತವಾಗಿ ಸೂಜಿಯನ್ನು ಕೂದಲೆಳೆಯಷ್ಟು ಎತ್ತುತ್ತದೆ, ಒಂದು ಸೆಕೆಂಡಿನ ಸಾವಿರದ ಎರಡೋ ಮೂರೋ ಪಾಲು ಹೊತ್ತು, ಕರೆಂಟು ಹೋದಾಗ ಸ್ಪ್ರಿಂಗು ಅದನ್ನು ಕೂರಿಸುತ್ತದೆ. ನಿಮಿಷಕ್ಕೆ ನೂರಾರು ಸಲ, ವರ್ಷಗಟ್ಟಲೆ. ಎರಡು ಇಂಜೆಕ್ಟರುಗಳು ಮಂಜು ಉಗುಳಿದವು. ಮೂರನೆಯದು ಎಳೆ ಬಿಟ್ಟಿತು. ಮಿಡಿತ ನಿಲ್ಲಿಸಿ ಒತ್ತಡವನ್ನಷ್ಟೇ ಇಟ್ಟಾಗ ಅದರ ತುದಿಯಲ್ಲಿ ಒಂದು ಹನಿ ಮೆಲ್ಲಗೆ ದಪ್ಪಗಾಗಿ ಬಿತ್ತು. ಮತ್ತೊಂದು ಬಿತ್ತು. ತೊಳೆದ ಮೇಲೂ ಅದೇ ಪಾಡು. ಬಾವಿಯ ದಂಡೆಯ ಮೇಲಿನ ತೀರ್ಮಾನವನ್ನೇ ಮೇಸ್ತ್ರಿ ಹೇಳಿದ, ‘ಹೋಗೇತಿ ಇದು.’

ಹೊಸದನ್ನು ಹುಡುಕಿದ್ದು ನಾನಾ ಪೇಠದಲ್ಲಿ. ಬೆಂಗಳೂರಿನವರಿಗೆ ಜೆ.ಸಿ. ರೋಡು ಹೇಗೋ ಪುಣೆಯವರಿಗೆ ಅದು ಹಾಗೆ, ಗಾಡಿ ಸಾಮಾನಿನ ಅಂಗಡಿಗಳ ಗಲ್ಲಿ. ಮಾರುತಿ 800 ತಯಾರಿಕೆ 2014ರ ಜನವರಿಯಲ್ಲೇ ನಿಂತರೂ ಸಾಮಾನು ಇನ್ನೂ ಸಿಗುತ್ತದೆ, ಅಷ್ಟು ಗಾಡಿಗಳು ರಸ್ತೆಗೆ ಬಂದಿದ್ದವು. ಅಂಗಡಿಯವನು ಮೂರು ಥರ ತೋರಿಸಿದ. ಅಗ್ಗದ್ದರ ಡಬ್ಬಿಯ ಮೇಲೆ ಮಾಡಿದವರ ಹೆಸರೇ ಇರಲಿಲ್ಲ. ನಾನು ಹಳೆಯದನ್ನು ಪಕ್ಕಕ್ಕಿಟ್ಟು ನಂಬರು ಹೋಲಿಸಿ, ಮೀಟರಿನಲ್ಲಿ ಸುರುಳಿಯ ಓಮ್ ಅಳೆದು, ಹಳೆಯದರ ಹತ್ತಿರದ ಲೆಕ್ಕವೇ ಬಂದದ್ದನ್ನು ತೆಗೆದುಕೊಂಡೆ. ರಿಂಗುಗಳನ್ನು ಮಾತ್ರ ವಿಟಾನ್ ಎಂಬ ರಬ್ಬರಿನದ್ದೇ ಬೇಕು ಎಂದು ಹಟ ಹಿಡಿದೆ. ಅದು ಎಥನಾಲ್‌ಗೆ ಸಾಮಾನ್ಯ ರಬ್ಬರಿಗಿಂತ ಚೆನ್ನಾಗಿ ತಾಳುತ್ತದೆ. ಇಲ್ಲಿ ಭಾಷೆಯ ಒಂದು ಮಾತು. ಅಂಗಡಿಯವನು ಮರಾಠಿ, ನಾನು ಕನ್ನಡ, ಪಕ್ಕದಲ್ಲಿದ್ದ ಹುಡುಗ ಹಿಂದಿ. ಆದರೆ ಪಾನಾ, ವಾಶರ್, ಚಾಬಿ, ಪೇಚ್ ಎನ್ನುವಾಗ ಮೂವರದೂ ಒಂದೇ ಭಾಷೆ.

ಜೋಡಿಸುವಾಗ ಹೊಸ ರಿಂಗುಗಳಿಗೆ ಒಂದೊಂದು ಹನಿ ಚೊಕ್ಕ ಇಂಜಿನ್ ಆಯಿಲ್ ಸವರಿದೆ. ಒಣ ರಬ್ಬರನ್ನು ಒತ್ತಿದರೆ ಮಡಚಿಕೊಂಡು ಮೊದಲ ದಿನವೇ ಸೋರುತ್ತದೆ. ಇಂಜೆಕ್ಟರು ತನ್ನ ತೂತಿನಲ್ಲಿ ಬೆರಳಿನಿಂದ ತಿರುಗಿಸಿದರೆ ಸರಾಗ ತಿರುಗಬೇಕು, ತಿರುಗದಿದ್ದರೆ ರಿಂಗು ಸಿಕ್ಕಿಕೊಂಡಿದೆ ಎಂದರ್ಥ. ಬೋಲ್ಟುಗಳನ್ನು ಒಂದೊಂದೇ ಪೂರ್ತಿ ಬಿಗಿಯದೆ ಆಚೀಚೆ ಸ್ವಲ್ಪ ಸ್ವಲ್ಪ. ಪೆಟ್ರೋಲು ಬೆರೆತ ಹಳೆಯ ಆಯಿಲ್ಲು ಚೆಲ್ಲಿ ಹೊಸದು ಹಾಕಿದ್ದೂ ಆಯಿತು, ಇದನ್ನು ಬಿಟ್ಟರೆ ಮಾಡಿದ ಕೆಲಸವೆಲ್ಲ ನೀರಿನಲ್ಲಿ ಹೋಮ. ಫ್ಯೂಜು, ಬ್ಯಾಟರಿ ಹಾಕಿ, ಇಂಜಿನ್ ಚಾಲೂ ಮಾಡದೆ ಕೀಲಿಯನ್ನಷ್ಟೇ ಮೂರು ಸಲ ತಿರುಗಿಸಿದೆ. ಪಂಪು ಗುಂಯ್ ಎಂದು ಲೈನು ತುಂಬಿತು. ಮೇಸ್ತ್ರಿ ಸ್ಟೂಲಿನಿಂದ ಎದ್ದು ಟಾರ್ಚು ಹಿಡಿದು, ಬಿಳಿ ಕಾಗದದ ತುಂಡನ್ನು ಒಂದೊಂದು ಕೊರಳಿಗೂ ತಾಗಿಸಿ ನೋಡಿದ. ಕಾಗದ ಒಣಗಿತ್ತು. ಆಮೇಲೇ ಸ್ಟಾರ್ಟ್.

ಮೇಸ್ತ್ರಿ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಸದ್ದು ಕೇಳಿದ. ಈ ಇಂಜಿನ್ನಿನಲ್ಲಿ ಕಿವಿಯಿಂದ ತಿರುಗಿಸಿ ಸರಿ ಮಾಡುವ ಸ್ಕ್ರೂ ಯಾವುದೂ ಇಲ್ಲ ಎನ್ನುವುದು ಅವನಿಗೂ ಗೊತ್ತು. ಆದರೂ ಕೇಳಿದ. ‘ಮೂರೂ ಸಮ ಅದಾವ್ರಿ’ ಎಂದ. ಮಾರನೆಯ ದಿನ ಪಿಯುಸಿ ಮಾಡಿಸಿದೆ, ಪಾಸಾಯಿತು. ಆರ್‌ಸಿಯ ತಪಾಸಣೆ ಇನ್ನೂ ಆಗಬೇಕು. ಅಲ್ಲಿ ಬ್ರೇಕು, ಲೈಟು, ತುಕ್ಕು ಎಲ್ಲ ನೋಡುತ್ತಾರೆ, ತುಕ್ಕಿನ ವಿಷಯದಲ್ಲಿ ನನಗೆ ಸ್ವಲ್ಪ ಅಳುಕಿದೆ. ಉಳಿದ ಎರಡು ಇಂಜೆಕ್ಟರುಗಳೂ ಅದೇ ವಯಸ್ಸಿನವು. ವಿಟಾನ್ ರಿಂಗುಗಳ ಇನ್ನೊಂದು ಜೊತೆ ಕೊಂಡು ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಇಟ್ಟಿದ್ದೇನೆ. ಮೀಟರಿನ ಕಿಲೋಮೀಟರನ್ನು ಬಾನೆಟ್ಟಿನ ಒಳಮೈಯಲ್ಲಿ ಬಿಳಿ ಪೇಂಟಿನಿಂದ ಬರೆದಿದ್ದೇನೆ, ಅದರ ಕೆಳಗೆ ಇಪ್ಪತ್ತು ಸಾವಿರ ಕೂಡಿಸಿದ ಇನ್ನೊಂದು ಸಂಖ್ಯೆಯನ್ನೂ.